ಬೆರೆತದ್ದು ಬೇರೆಯಾದ ಬಗೆ

ನಿನ್ನೆ ಸಂಜೆ ತುಮಕೂರಿನಲ್ಲಿ ಒಂದು ಹೊಸ ನಾಟಕ ನೋಡಿ ಬಂದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಬರ ಮುಗಿದು ಮೊದಲ ಮಳೆ ಬೀಳುವ ದೃಶ್ಯದಲ್ಲಿ ನಾಯಕಿ ‘ಮಣ್ಣಿಗೆ ಮಳೆಹನಿ ಬೆರೆತ ಹೊತ್ತು’ ಎಂದು ಹಾಡಬೇಕು. ಧಾಟಿಯು ‘ಬೆರೆತ’ ಎಂಬಲ್ಲಿ ಮೇಲೇರಿ ನಿಲ್ಲುತ್ತದೆ. ನಿಲ್ಲಲು ದೀರ್ಘಾಕ್ಷರ ಬೇಕು, ಅಲ್ಲಿರುವುದು ಮೂರು ಹ್ರಸ್ವ. ಪಾಪ, ಆ ಹುಡುಗಿ ‘ಬೇ...ರೆ’ ಎಂದು ಎಳೆದು, ಉಸಿರು ತೆಗೆದುಕೊಂಡು, ‘ತ ಹೊತ್ತು’ ಎಂದಳು. ಬೆರೆತದ್ದು ಬೇರೆಯಾಗಿ ಹೋಯಿತು.

ವಿಚಾರಿಸಿದರೆ, ಸಂಗೀತ ಕೊಟ್ಟವರೂ ಹಾಡು ಬರೆದವರೂ ತಾಲೀಮಿನಲ್ಲಿ ಒಂದು ದಿನವೂ ಒಟ್ಟಿಗೆ ಕೂತಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಧಾಟಿ ಬಂತು, ಅದರಲ್ಲೇ ಸಾಹಿತ್ಯ ಹೋಯಿತು.

ಧಾಟಿ ಮೊದಲಾದರೆ ತಪ್ಪೇನು, ಕಂಪನಿ ನಾಟಕಗಳಲ್ಲಿಯೂ ಪ್ರಚಲಿತ ಮಟ್ಟುಗಳಿಗೆ ಹಾಡು ಕಟ್ಟುತ್ತಿರಲಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಯಾವುದು ಮೊದಲು ಎಂಬುದು ನನ್ನ ತಕರಾರೇ ಅಲ್ಲ. ಅಮೆರಿಕದ ಸಂಗೀತ ಸಂಯೋಜಕ ರಿಚರ್ಡ್ ರಾಜರ್ಸ್ ಅವರು ಹಾಡು ಬರೆಯುವ ಲೊರೆಂಜ್ ಹಾರ್ಟ್ ಅವರೊಂದಿಗೆ ದುಡಿಯುವಾಗ ಸಾಮಾನ್ಯವಾಗಿ ರಾಗ ಮೊದಲು ಹುಟ್ಟುತ್ತಿತ್ತು. 1943ರ ‘ಓಕ್ಲಹೋಮಾ’ ಸಂಗೀತನಾಟಕದಿಂದ ಇನ್ನೊಬ್ಬ ಗೀತರಚನಕಾರ ಆಸ್ಕರ್ ಹ್ಯಾಮರ್‌ಸ್ಟೈನ್ ಜೊತೆಯಾದಾಗ ಸಾಹಿತ್ಯವೇ ಮುಂದಾಯಿತು. ಎರಡು ದಾರಿಯಲ್ಲೂ ಹಾಡು ಗೆದ್ದಿದೆ. ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಕಟ್ಟಿದ ಜಿಲ್ಲೆ ನಮ್ಮದು. ಬಾಲಕನಾಗಿ ಆ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ರಂಗಸಂಗೀತದಲ್ಲಿ ಮಾತಿಗೂ ನಾದಕ್ಕೂ ಎಂಥ ನಂಟು ಸಾಧ್ಯವೆಂಬುದನ್ನು ನಾಡಿಗೇ ತೋರಿಸಿಕೊಟ್ಟರು. ಇಂದಿಗೂ ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಪಾತ್ರಧಾರಿಯ ಬಾಯಿ ನೋಡಿಕೊಂಡೇ ಬೆರಳಾಡಿಸುತ್ತಾರೆ.

ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಮಿಶ್ರಛಾಪು ತಾಳದ ಏಳು ಎಣಿಕೆಗೆ ತಾನಾಗಿ ಕೂರುತ್ತದೆ; ಅದನ್ನು ಎಂಟರ ಆದಿತಾಳಕ್ಕೆ ತುರುಕಿದರೆ ಪದ ಎಲ್ಲೆಲ್ಲೋ ಮುರಿಯುತ್ತದೆ. ಇದು ಕಾಗದದ ಮೇಲೆ ಕಾಣುವುದಿಲ್ಲ, ಒಬ್ಬರು ಬಾಯಿಬಿಟ್ಟು ಹಾಡಿದಾಗಲೇ ತಿಳಿಯುವುದು.

ನಾನೂ ಹಿಂದೊಮ್ಮೆ ಮಕ್ಕಳ ನಾಟಕಕ್ಕೆ ಮನೆಯಲ್ಲೇ ಕೂತು ಹಾಡು ಬರೆದು ಕಳುಹಿಸಿ, ತಾಲೀಮಿಗೆ ಹೋಗದೆ ಉಳಿದಿದ್ದೆ. ಪ್ರದರ್ಶನದ ದಿನ ಮಕ್ಕಳು ನನ್ನ ಸಾಲುಗಳ ಮೇಲೆ ಎಡವುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇಂದು ಬೆಳಿಗ್ಗೆ ಹಾರ್ಮೋನಿಯಂ ಮುಂದಿಟ್ಟುಕೊಂಡು ‘ಮಳೆಹನಿ ಕೂಡಿದ ಹೊತ್ತು’ ಎಂದು ಹಾಡಿ ನೋಡಿದೆ. ‘ಕೂ’ ದೀರ್ಘವೇ ಆದ್ದರಿಂದ ಧಾಟಿಗೆ ನಿಲ್ಲಲು ಜಾಗ ಸಿಕ್ಕಿತು. ಹಾಡು ಬರೆದವರ ನಂಬರ್ ಹುಡುಕಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೊಂದು ಸಲ ಹಾಡಿ’ ಎಂದರು. ಆ ಧಾಟಿಯನ್ನು ಅವರು ಕೀಬೋರ್ಡಿನಲ್ಲಲ್ಲದೆ ಮನುಷ್ಯರ ಬಾಯಲ್ಲಿ ಕೇಳಿದ್ದು ಅದೇ ಮೊದಲಂತೆ.