ನೇರ ಗೆರೆಗೆ ಶಾಕ್ ಕೊಡುವಂತಿಲ್ಲ

‘ಮಾನಿಟರ್‌ನಲ್ಲಿ ಗೆರೆ ನೇರವಾದರೆ ತಡಮಾಡದೆ ಶಾಕ್ ಕೊಡಿ’ ಎಂಬ ಸಾಲು ಇಎಂಟಿ (ತುರ್ತು ವೈದ್ಯಕೀಯ ಸಿಬ್ಬಂದಿ) ಕಲಿಕೆಯ ವಾಟ್ಸ್‌ಆ್ಯಪ್ ಟಿಪ್ಪಣಿಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಸಿನಿಮಾದವರು ಕಲಿಸಿದ ಪಾಠ.

ಶಾಕ್ ನಿಂತ ಹೃದಯವನ್ನು ಚಾಲೂ ಮಾಡುವುದಿಲ್ಲ. ಅಡ್ಡಾದಿಡ್ಡಿ ಓಡುತ್ತಿರುವ ವಿದ್ಯುತ್ತನ್ನು ಒಮ್ಮೆಲೇ ತಡೆದು, ಹೃದಯದ ಸ್ವಂತ ಲಯ ಮರಳಲು ಅವಕಾಶ ಕೊಡುತ್ತದೆ, ಅಷ್ಟೆ. ಆದ್ದರಿಂದ ಹೃದಯಸ್ತಂಭನದಲ್ಲಿ ಶಾಕ್ ಎರಡಕ್ಕೇ: ವೆಂಟ್ರಿಕ್ಯುಲರ್ ಫಿಬ್ರಿಲೇಶನ್ (ಹೃದಯದ ಕೆಳಕೋಣೆಗಳು ಲಯವಿಲ್ಲದೆ ಅದುರುವುದು) ಮತ್ತು ನಾಡಿಯಿಲ್ಲದ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ (ಆ ಕೋಣೆಗಳು ಅತಿವೇಗವಾಗಿ ಬಡಿಯುವುದು). ನೇರ ಗೆರೆ ಎಂದರೆ ಅಸಿಸ್ಟೋಲ್. ಅಲ್ಲಿ ತಡೆಯಲು ವಿದ್ಯುತ್ತೇ ಇಲ್ಲ. ಮಾನಿಟರಿನ ಗೆರೆಯಲ್ಲಿ ಲಯ ಕಂಡರೂ ನಾಡಿ ಸಿಗದ ಸ್ಥಿತಿಯಾದ ಪಿಇಎಗೂ (ಪಲ್ಸ್‌ಲೆಸ್ ಎಲೆಕ್ಟ್ರಿಕಲ್ ಆ್ಯಕ್ಟಿವಿಟಿ) ಶಾಕ್ ಇಲ್ಲ.

ನೇರ ಗೆರೆ ಕಂಡಾಗ ಎದೆ ಒತ್ತುವುದನ್ನು ನಿಲ್ಲಿಸದೆ ಲೀಡ್ (ಮಾನಿಟರಿನ ತಂತಿ) ಕಳಚಿದೆಯೇ, ಗೇನ್ (ಗೆರೆಯನ್ನು ದೊಡ್ಡದಾಗಿ ತೋರಿಸುವ ಮಟ್ಟ) ಕಡಿಮೆಯಿದೆಯೇ ನೋಡಿ. ಬೆವರಿದ ಎದೆಯ ಮೇಲೆ ಪ್ಯಾಡ್ ಸರಿಯಾಗಿ ಅಂಟದಿರುವುದು ಮಾಮೂಲು. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳ. ಪ್ರತಿ 30 ಸಲ ಒತ್ತಿದ ಮೇಲೆ 2 ಕೃತಕ ಉಸಿರು.

ನಿಜವಾದ ಅಪಾಯ ಇನ್ನೊಂದಿದೆ. ಎಇಡಿ (ಲಯವನ್ನು ತಾನೇ ಪರೀಕ್ಷಿಸಿ ಶಾಕ್ ಬೇಕೇ ಎಂದು ಹೇಳುವ ಯಂತ್ರ) ‘ಶಾಕ್ ಬೇಡ’ ಎಂದಾಗ ರೋಗಿ ಸುಧಾರಿಸಿದನೆಂದು ಕೈ ತೆಗೆಯುವವರಿದ್ದಾರೆ. ಯಂತ್ರ ಹೇಳಿದ್ದು ಲಯದ ಬಗ್ಗೆ ಮಾತ್ರ. ಪ್ರತಿಕ್ರಿಯೆ, ಸಹಜ ಉಸಿರು ಇಲ್ಲದಿದ್ದರೆ ಕೂಡಲೇ ಮತ್ತೆ ಒತ್ತಲು ಶುರುಮಾಡಿ. ಎರಡು ನಿಮಿಷಕ್ಕೆ ಯಂತ್ರ ತಾನೇ ಮರುಪರೀಕ್ಷಿಸುತ್ತದೆ.