ಏನು ಕೊಯ್ಯೋಕೆ ಅಂತ ಮೊದಲು ಕೇಳ್ರಪ್ಪ

ನಿನ್ನೆಯಿಂದ ತಲೆ ಕೆಟ್ಟಿದೆ. ಬರೆದರೆ ಸ್ವಲ್ಪ ತಣ್ಣಗಾಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ. ಟ್ರ್ಯಾಕ್ಟರ್ ವಿಷಯ ಬೇಡದವರು ಈಗಲೇ ಮುಂದೆ ಹೋಗಿ, ಬೇಜಾರಿಲ್ಲ.

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹುಲ್ಲು ಸವರುವ ನಮ್ಮ ಸ್ಲ್ಯಾಶರ್‌ಗೆ ಬ್ಲೇಡಿನ ಬೋಲ್ಟ್ ಎರಡು ಬೇಕಿತ್ತು. ಊರಿನ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಹಾಕುವ ಧೈರ್ಯ ನನಗಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹಾಗಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದೆ, ಟ್ರ್ಯಾಕ್ಟರ್ ಸಲಕರಣೆ ಮಾರುವ ಅಂಗಡಿಗೆ. ನನಗಿಂತ ಮೊದಲೇ ಅಪ್ಪ, ಮಗ ಇಬ್ಬರು ಬಂದು ನಿಂತಿದ್ದರು. ಮಗನಿಗೆ ಮೂವತ್ತರ ಆಸುಪಾಸು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ಅಪ್ಪನಿಗೆ ಎಪ್ಪತ್ತು ದಾಟಿದೆ, ಹೆಗಲ ಮೇಲೆ ಟವೆಲ್. ನಾಲ್ಕು ಎಕರೆ ತೆಂಗು, ಮೂರು ಹಸು, ಹತ್ತೋ ಹನ್ನೆರಡೋ ಕುರಿ. ಮನೆಯಲ್ಲಿ 24 ಎಚ್‌ಪಿ ಮಿನಿ ಟ್ರ್ಯಾಕ್ಟರ್. ತೋಟದ ಹುಲ್ಲನ್ನು ದನ ಮೇಯಲಿಕ್ಕೆ ಬಿಟ್ಟಿದ್ದಾರೆ. ಅದು ಈಗ ಬಲಿತು ತೆನೆ ಬಿಟ್ಟಿದೆ, ಹಸು ಮೂಸಿಯೂ ನೋಡುತ್ತಿಲ್ಲ. ಮೇಲಿಂದ ಸವರಿ ಹಾಕುವ ಯಂತ್ರ ಬೇಕು. ಅಷ್ಟೇ ಅವರ ಬೇಡಿಕೆ.

ಅಂಗಡಿ ಹುಡುಗನ ಮೊದಲ ಪ್ರಶ್ನೆ: "ಸಬ್ಸಿಡಿ ಜನರಲ್ಲಾ ಸರ್, ಎಸ್‌ಸಿ-ಎಸ್‌ಟಿನಾ?" ಎರಡನೇದು, ಸರ್ಕಾರದ ರೈತ ನೋಂದಣಿ ಸಂಖ್ಯೆಯ ಬಗ್ಗೆ: "ಎಫ್‌ಐಡಿ ಆಗಿದೆಯಾ?" ಮೂರನೇದು ಪ್ರಶ್ನೆಯೇ ಅಲ್ಲ: "ಆರಡಿ ಮಲ್ಚರ್ ತಗೊಳಿ ಸರ್, ಎಲ್ರೂ ಅದೇ ತಗೊಳ್ಳೋದು." ಮಲ್ಚರ್ ಅಂದರೆ ಕೊಯ್ದದ್ದನ್ನು ಪುಡಿ ಮಾಡುವ ಯಂತ್ರ.

ಮುಗಿಯಿತು. ಏನು ಕೊಯ್ಯಬೇಕು, ಎಷ್ಟೆತ್ತರ ಬೆಳೆದಿದೆ, ಕಲ್ಲು ಇದೆಯಾ, ಡ್ರಿಪ್ ಎಳೆದಿದ್ದೀರಾ, ಗಾಡಿ ಯಾವುದು. ಒಂದೂ ಇಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸು ಕೂಡ "ಎಣ್ಣೆಗಾಯಿಗಾ ಸಾಂಬಾರಿಗಾ" ಅಂತ ಕೇಳಿ ಆರಿಸಿ ಕೊಡುತ್ತಾಳೆ. ಲಕ್ಷ ರೂಪಾಯಿಯ ಕಬ್ಬಿಣ ಮಾರುವವನಿಗೆ ಅಷ್ಟು ಕೇಳಲು ಏನು ಕಷ್ಟ?

ಅಪ್ಪ ಮಾತ್ರ ಸುಮ್ಮನೆ ನಿಂತಿರಲಿಲ್ಲ. ಆ ಮಲ್ಚರ್‌ನ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ಕೈ ಒಳಗೆ ಹಾಕಿ ಬ್ಲೇಡನ್ನು ಹಿಂದೆ ಮುಂದೆ ಆಡಿಸಿದರು. ಆಮೇಲೆ ಅಂಗಿ ಜೇಬಿನಿಂದ ಒಂದು ತೆಂಗಿನ ನಾರಿನ ಹಗ್ಗ ತೆಗೆದರು. ಅದರಲ್ಲಿ ಎರಡು ಗಂಟು. ಹಗ್ಗದ ಒಂದು ತುದಿಯನ್ನು ಯಂತ್ರದ ಅಂಚಿಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ಕಡೆಗೆ ಎಳೆದರು. ಮೊದಲ ಗಂಟು ಮಧ್ಯಕ್ಕಿಂತ ಸ್ವಲ್ಪ ಆಚೆಗೇ ನಿಂತಿತು. ಎರಡನೇದೂ ಅಂಚು ಮುಟ್ಟಲಿಲ್ಲ, ಒಂದಡಿ ಸಾಲದೆ ಬಂತು. ನನಗೆ ಕುತೂಹಲ. "ಏನ್ ಯಜಮಾನ್ರೇ ಅದು?" ಅಂದೆ. ಮೊದಲನೇ ಗಂಟು ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರದ ಹೊರಮೈ ಅಗಲ. ಎರಡನೇದು ತೋಟದ ಗೇಟಿನ ಅಗಲ. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಅಳೆದು ಗಂಟು ಹಾಕಿಕೊಂಡು ಬಂದಿದ್ದಾರೆ!

ಆ ಇಡೀ ಅಂಗಡಿಯಲ್ಲಿ ಇದ್ದ ಎಂಜಿನಿಯರ್ ಅವರೊಬ್ಬರೇ. ಅವರು "ನಮ್ ಗಾಡಿ ಇದನ್ನ ಎತ್ತುತ್ತಾ?" ಅಂತ ಎರಡು ಸಲ ಕೇಳಿದರು. ಮೊದಲ ಸಲ ಹುಡುಗ ಫೋನಿನಲ್ಲಿದ್ದ. ಎರಡನೇ ಸಲ ಮಗನೇ, "ಅಪ್ಪ, ನಿಂಗೊತ್ತಾಗಲ್ಲ ಸುಮ್ನಿರು" ಅಂದ.

ಗೊತ್ತಾಗಲ್ಲವಂತೆ. ನೋಡಿ, ಗೊತ್ತಾಗಬೇಕಾದ್ದು ಇರುವುದು ಇಷ್ಟು. ಬೋರ್ಡಿನ ಮೇಲೆ ಬರೆದ 24 ಎಚ್‌ಪಿ ಎಂಜಿನ್ನಿನದ್ದು. ಅದು ಸಂಬಳದ ಪತ್ರದಲ್ಲಿರುವ ಅಂಕಿ ಇದ್ದ ಹಾಗೆ. ಹಿಂದೆ ಸಿಕ್ಕಿಸಿದ ಯಂತ್ರಕ್ಕೆ ಪಿಟಿಒದಲ್ಲಿ, ಅಂದರೆ ಆ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಹಿಂಬದಿಯ ದಂಡದಲ್ಲಿ, ಸಿಗುವುದು ಕಡಿತ ಎಲ್ಲ ಕಳೆದು ಕೈಗೆ ಬಂದದ್ದು, ಹೆಚ್ಚೆಂದರೆ 20-21. ಸ್ಲ್ಯಾಶರ್ ಆದರೆ ಅಡಿಗೆ ಐದು ಎಚ್‌ಪಿ ಅಂತ ಲೆಕ್ಕ ಹಾಕಿ, ನಾಲ್ಕಡಿ ಆರಾಮಾಗಿ ಎಳೆಯುತ್ತದೆ. ಮಲ್ಚರ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಸ್ಲ್ಯಾಶರ್ ಅಂದರೆ ಚಾವಣಿ ಫ್ಯಾನನ್ನು ನೆಲದ ಹತ್ತಿರ ಇಳಿಸಿದ ಹಾಗೆ. ಎರಡೋ ಮೂರೋ ದಪ್ಪ ಬ್ಲೇಡು ಸುತ್ತುತ್ತವೆ, ಕಲ್ಲು ಸಿಕ್ಕಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಮಲ್ಚರ್‌ನಲ್ಲಿ ಅಡ್ಡ ಮಲಗಿದ ಒಂದು ದೊಡ್ಡ ರೋಲರ್, ಅದರ ಮೈತುಂಬ ಸುತ್ತಿಗೆ ಥರದ ಬ್ಲೇಡು. ಅದು ಕೊಯ್ಯುವುದಷ್ಟೇ ಅಲ್ಲ, ಪುಡಿ ಮಾಡುತ್ತದೆ. ಪುಡಿ ಮಾಡಲು ಶಕ್ತಿ ಜಾಸ್ತಿ ಬೇಕು. ಐದಡಿ ಮಲ್ಚರ್‌ಗೇ 40-50 ಎಚ್‌ಪಿ ಗಾಡಿ ಕೇಳುತ್ತಾರೆ. ಆರಡಿಯನ್ನು 24ರ ಮಿನಿಗೆ ಕಟ್ಟುವುದು ಅಂದರೆ ಎಳೆಗರುವಿಗೆ ಗಾಡಿ ಹೂಡಿದಂತೆ.

ಇನ್ನು ಅಗಲ. ಚಕ್ರದ ಹೊರಮೈಗಿಂತ ಯಂತ್ರ ಒಂದೆರಡು ಇಂಚು ಆಚೆ ಬಂದರೆ ಸಾಕು. ಕಡಿಮೆ ಆದರೆ ಚಕ್ರ ತುಳಿದ ಹುಲ್ಲು ಕೊಯ್ಯದೆ ಉಳಿದು ನಾಳೆ ಎದ್ದು ನಿಲ್ಲುತ್ತದೆ. ತೀರಾ ಜಾಸ್ತಿ ಆದರೆ ತೆಂಗಿನ ಬುಡಕ್ಕೆ ಬಡಿಯುತ್ತದೆ. ಯಜಮಾನರ ಮೊದಲ ಗಂಟು ಹೇಳುತ್ತಿದ್ದದ್ದು ಇದನ್ನೇ. ಅವರ ಗಾಡಿಗೆ ಬೇಕಾದ್ದು ನಾಲ್ಕಡಿ. ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು ಒಂದು ನಾಲ್ಕಡಿ ಸ್ಲ್ಯಾಶರ್. ಯಾರೂ ಆ ಕಡೆ ಕೈ ತೋರಿಸಲಿಲ್ಲ.

ನಾನು ತಡೆಯದೆ ಬಾಯಿ ಹಾಕಿದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ. "ಆ ಟ್ರ್ಯಾಕ್ಟರಿನ ಪಿಟಿಒ ಎಚ್‌ಪಿ ಎಷ್ಟಪ್ಪ? ಬುಧ್ನಿಯ ಟೆಸ್ಟ್ ರಿಪೋರ್ಟ್‌ನಲ್ಲಿ ಇರುತ್ತಲ್ಲ, ನೋಡಿದ್ದೀಯಾ?" ಅಂದೆ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಟ್ರ್ಯಾಕ್ಟರ್‌ಗಳನ್ನು ಪರೀಕ್ಷೆ ಮಾಡುತ್ತದೆ, ಪಿಟಿಒ ಶಕ್ತಿಯನ್ನೂ ಅಳೆದು ಬರೆಯುತ್ತದೆ. ಹುಡುಗ ನನ್ನ ಮುಖ ನೋಡಿದ. ನನ್ನ ಹಿಂದೆ ನೋಡಿದ. ಆಮೇಲೆ, "ಮೇಡಂ, ಯಜಮಾನ್ರು ಬಂದಿಲ್ವಾ?" ಅಂತ ಕೇಳಿದ.

ಬಂದಿಲ್ಲಪ್ಪ. ನಮ್ಮ ಮನೆ ಯಜಮಾನರಿಗೆ ಗಾಡಿ ರಿವರ್ಸ್ ತೆಗೆಯಲಿಕ್ಕೇ ಬರುವುದಿಲ್ಲ. (ಇದನ್ನು ಅವರೂ ಓದುತ್ತಾರೆ. ಓದಲಿ.)

ಇಷ್ಟು ಜೋರಾಗಿ ಮಾತಾಡುತ್ತಿರುವ ನಾನು ಏನು ಮಾಡಿದ್ದೆ ಅಂತ ಈಗ ಹೇಳಲೇಬೇಕು. ನಮ್ಮ ಕೊಟ್ಟಿಗೆಯ ಹಿಂದೆ ಒಂದು ಐದಡಿ ಮಲ್ಚರ್ ಇದೆ. ಮನೆಗೆ ಬಂದವರು "ಇದೇನು" ಅಂದರೆ "ಹಳೇದು, ಯಾರೋ ಇಟ್ಟು ಹೋಗಿದ್ದಾರೆ" ಅಂದಿದ್ದೇನೆ. ಯಾರೂ ಇಟ್ಟು ಹೋಗಿಲ್ಲ, ನಾನೇ ತಂದದ್ದು. ನಾಲ್ಕು ವರ್ಷದ ಹಿಂದೆ, 27 ಎಚ್‌ಪಿ ಗಾಡಿಗೆ. ಆಗ ನನ್ನನ್ನೂ ಯಾರೂ ಏನು ಕೊಯ್ಯೋಕೆ ಅಂತ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸಬ್ಸಿಡಿ ಪಟ್ಟಿಯಲ್ಲಿ ಅದು ಇತ್ತು, ಅರ್ಧ ದುಡ್ಡು ಉಳಿಯುತ್ತದೆ ಅಂತ ಖುಷಿಯಲ್ಲಿ ಸಹಿ ಹಾಕಿದೆ.

ಮೊದಲ ದಿನ ಬದು ಹತ್ತಿಸುವಾಗಲೇ ಮುಂದಿನ ಚಕ್ರ ಎರಡೂ ಮೇಲೆದ್ದವು. ಎದೆ ಧಸಕ್ಕೆಂದಿತು. ಮುಂದೆ ತೂಕ ಕಟ್ಟಿಸಿದೆ. ಎರಡನೇ ದಿನ ಮಳೆ ಬಂದು ಒದ್ದೆಯಾಗಿದ್ದ ಹುಲ್ಲಿಗೆ ಇಳಿಸಿದೆ. ಕಪ್ಪು ಹೊಗೆ. ಎಂಜಿನ್ ಅದುಮಿದಂತಾಯಿತು, ಪಿಟಿಒ ನಿಮಿಷಕ್ಕೆ 540 ಸುತ್ತು ಸುತ್ತುವುದು ಬಿಟ್ಟು ತೂಕಡಿಸಿತು. ಹುಲ್ಲು ಕೊಯ್ಯಲಿಲ್ಲ, ರೋಲರಿಗೆ ಜಡೆ ಹೆಣೆದ ಹಾಗೆ ಸುತ್ತಿಕೊಂಡಿತು. ಕುಡುಗೋಲು ಹಿಡಿದು ಎರಡು ಗಂಟೆ ಕೂತು ಬಿಡಿಸಿದೆ. ಮೂರನೇ ವಾರಕ್ಕೆ ಕ್ಲಚ್ ಪ್ಲೇಟ್ ಹೋಯಿತು. ಅತ್ತೆಗೆ ಯಂತ್ರದ ಬೆಲೆಯನ್ನೇ ಅರ್ಧ ಹೇಳಿದ್ದೆ, ಕ್ಲಚ್ಚಿನ ಖರ್ಚನ್ನು ಹೇಳಲೇ ಇಲ್ಲ. ಈಗ ಅದರ ಮೇಲೆ ನಮ್ಮ ನಾಟಿ ಕೋಳಿಗಳು ಮಲಗುತ್ತವೆ. ಅಷ್ಟು ದುಬಾರಿ ಕೋಳಿಗೂಡು ನಮ್ಮ ಹೋಬಳಿಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

"ಸಬ್ಸಿಡಿ ಇಲ್ಲದೆ ಸಣ್ಣ ರೈತ ಎಲ್ಲಿಂದ ತರಬೇಕು, ನಿಮಗೇನು ಮಾತಾಡ್ತೀರಿ" ಅಂತ ಕಾಮೆಂಟ್ ಹಾಕಲು ಯಾರೋ ಆಗಲೇ ಟೈಪ್ ಮಾಡುತ್ತಿರುತ್ತೀರಿ. ಸರಿ, ಒಪ್ಪಿದೆ. ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟರಿಗೆ ಶೇ. 90ರವರೆಗೆ ಕೊಡುತ್ತಾರೆ, ಅದರಿಂದ ಎಷ್ಟೋ ಮನೆಗೆ ಯಂತ್ರ ಬಂದಿದೆ. ಸಬ್ಸಿಡಿ ಬೇಡ ಅಂತ ನಾನು ಹೇಳುತ್ತಿಲ್ಲ. ಮದುವೆ ಮನೆಯಲ್ಲಿ ಊಟ ಪುಕ್ಕಟೆ ಅಂತ ನಿಮಗಾಗದ ಪದಾರ್ಥ ಎರಡು ಸಲ ಬಡಿಸಿಕೊಳ್ಳುತ್ತೀರಾ? ರಾತ್ರಿ ಹೊಟ್ಟೆ ಹಿಡಿದುಕೊಳ್ಳುವವರು ನೀವೇ ತಾನೆ. ಮಲ್ಚರೇ ಕೆಟ್ಟದ್ದು ಅಂತಲೂ ಅಲ್ಲ. ತೆಂಗಿನ ಗರಿ, ಬಾಳೆ ದಿಂಡು ಪುಡಿ ಮಾಡಿ ಮಣ್ಣಿಗೆ ಹೊದಿಸಬೇಕು ಅನ್ನುವವರಿಗೆ, 50 ಎಚ್‌ಪಿ ಗಾಡಿ ಇದ್ದರೆ, ಚಿನ್ನದಂಥ ಯಂತ್ರ. ಆದರೆ ಈ ಮನುಷ್ಯ ಬಂದದ್ದು ಹುಲ್ಲಿನ ತೆನೆ ಸವರಲು.

ಹುಲ್ಲು ಸವರುವುದು ಅಂದರೆ ಬೋಳಿಸುವುದು ಅಲ್ವಲ್ಲ. ಇದನ್ನೂ ಯಾರೂ ಹೇಳಿಕೊಡುವುದಿಲ್ಲ. ಹಸು ಎಳೆಯದನ್ನು ತಿಂದು ಬಲಿತದ್ದನ್ನು ಬಿಡುತ್ತದೆ, ತನ್ನ ಸಗಣಿ ಬಿದ್ದ ಸುತ್ತ ಬಾಯಿ ಹಾಕುವುದಿಲ್ಲ. ಅಲ್ಲೆಲ್ಲ ಗುಪ್ಪೆ ಗುಪ್ಪೆಯಾಗಿ ಎತ್ತರ ಬೆಳೆಯುತ್ತದೆ. ನಾಲ್ಕು ಇಂಚು ಬಿಟ್ಟು ಮೇಲಿನದ್ದನ್ನು ಹಾರಿಸಿದರೆ ಬುಡದಿಂದ ಹೊಸ ಚಿಗುರು ಒಡೆದು ಎಲ್ಲ ಒಂದೇ ಸಮ ಬರುತ್ತದೆ. ನೆಲಕ್ಕೆ ಅಂಟಿಸಿ ಕೊಯ್ದರೆ ಹುಲ್ಲು ಸೊರಗುತ್ತದೆ, ಆ ಖಾಲಿ ಜಾಗಕ್ಕೆ ಕಾಂಗ್ರೆಸ್ ಗಿಡ ಬಂದು ಕೂರುತ್ತದೆ. ಅದನ್ನು ಹೂವು ಬರುವ ಮುಂಚೆಯೇ ಹೊಡೆಯಬೇಕು. ಮೊಳೆತ ಒಂದೇ ತಿಂಗಳಿಗೆ ಹೂ ಬಿಡುವ ಜಾತಿ, ಒಂದೊಂದು ಗಿಡದಲ್ಲಿ ಸಾವಿರಾರು ಬೀಜ. ಬೀಜ ಕಟ್ಟಿದ ಮೇಲೆ ಯಂತ್ರ ಹಾಯಿಸಿದರೆ ನೀವೇ ಬಿತ್ತನೆ ಮಾಡಿದ ಹಾಗೆ. ಬುಡದಿಂದ ಮತ್ತೆ ಚಿಗುರುತ್ತದೆ ಬೇರೆ, ಹಾಗಾಗಿ ಒಂದು ಸಲಕ್ಕೆ ಮುಗಿಯಿತು ಅಂತಿಲ್ಲ.

"ರೋಟರಿ ಹೊಡೆಸಿಬಿಡಿ ಮೇಡಂ, ಎಲ್ಲಾ ಕ್ಲೀನ್" ಅಂತ ಹುಲ್ಲಿನ ಜೊತೆ ಮಣ್ಣನ್ನೂ ಅಗೆದು ಹಾಕಲು ಹೇಳುವವರ ಬಗ್ಗೆ ಇವತ್ತು ಬರೆಯುವುದಿಲ್ಲ. ಬಿಪಿ ಮಾತ್ರೆ ತೆಗೆದುಕೊಂಡು ಇನ್ನೊಂದು ದಿನ ಬರೆಯುತ್ತೇನೆ.

ಬೋಲ್ಟಿನ ಕಥೆ ಬಾಕಿ ಇದೆ. ಸ್ಲ್ಯಾಶರ್‌ನ ಗೇರ್ ಬಾಕ್ಸು ಪಿಟಿಒ ಸುತ್ತನ್ನು ಸುಮಾರು ಎರಡರಷ್ಟು ಮಾಡುತ್ತದೆ. ನಾಲ್ಕಡಿ ಯಂತ್ರದಲ್ಲಿ ಬ್ಲೇಡಿನ ತುದಿ ಗಂಟೆಗೆ 200 ಕಿ.ಮೀ. ಮೇಲೆ ಹೋಗುತ್ತಿರುತ್ತದೆ. ಹೋದ ವರ್ಷ ನಾನು ಬೋಲ್ಟ್ ಸವೆದಿದೆ ಅಂತ ಊರಿನಲ್ಲೇ ಸಿಕ್ಕಿದ ಒಂದನ್ನು ಹಾಕಿ ಬಿಗಿದೆ. ಅರ್ಧ ಎಕರೆ ಮುಗಿಯುವಷ್ಟರಲ್ಲಿ ಟಣ್ ಅಂತ ಶಬ್ದ, ಗಾಡಿಯೆಲ್ಲ ಅದುರಿತು. ಬ್ಲೇಡು ಹಿಂದಿನ ಸರಪಳಿ ಪರದೆಯನ್ನು ಕಿತ್ತುಕೊಂಡು ಹೋಗಿ ಪಂಪ್‌ಹೌಸಿನ ತಗಡಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹತ್ತು ನಿಮಿಷದ ಹಿಂದೆ ಅದೇ ಪಂಪ್‌ಹೌಸಿನ ಬಾಗಿಲಲ್ಲಿ ನಮ್ಮ ಮಗಳು ಎಳನೀರು ಕುಡಿಯುತ್ತಾ ಕೂತಿದ್ದಳು. ಇದನ್ನು ಮನೆಯಲ್ಲಿ ಇವತ್ತಿನವರೆಗೂ ಹೇಳಿರಲಿಲ್ಲ. ತಗಡಿನ ತೂತು ಮಂಗ ಹಾರಿ ಆದದ್ದು ಅಂತ ನಂಬಿದ್ದಾರೆ.

ಅದಕ್ಕೇ ಕೇಳಿ ಅನ್ನುತ್ತಿದ್ದೇನೆ. ಸರಪಳಿ ಪರದೆ ಇದೆಯಾ ಕೇಳಿ. ಪಿಟಿಒದಿಂದ ಯಂತ್ರಕ್ಕೆ ಹೋಗುವ ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವರ್ ಇದೆಯಾ ಕೇಳಿ. ಶಾಫ್ಟಿನ ಉದ್ದವನ್ನು ನಿಮ್ಮ ಗಾಡಿಗೆ ಜೋಡಿಸಿ ನೋಡಿ ಕತ್ತರಿಸಿ ಕೊಡುತ್ತಾರಾ ಕೇಳಿ. ಉದ್ದ ಜಾಸ್ತಿ ಆದರೆ ಲಿಫ್ಟ್ ಎತ್ತುವಾಗ ಒತ್ತಿ ಗೇರ್ ಬಾಕ್ಸಿನ ಸೀಲ್ ಒಡೆಯುತ್ತದೆ. ಮರದ ಬೊಡ್ಡೆಗೆ ತಗುಲಿದರೆ ಗೇರ್ ಬಾಕ್ಸನ್ನು ಉಳಿಸಲು ತಾನು ಮುರಿಯುವ ಶಿಯರ್ ಬೋಲ್ಟ್ ಎಲ್ಲಿದೆ ತೋರಿಸಿ ಅನ್ನಿ. ತೋಟದಲ್ಲಿ 16 ಎಂಎಂ ಡ್ರಿಪ್ ಪೈಪ್ ಎಳೆದಿದ್ದರೆ ಮೊದಲು ಸುತ್ತಿಡಿ. ಸ್ಲ್ಯಾಶರ್ ಅದನ್ನು ಶಾವಿಗೆ ಥರ ಎಳೆದು ನುಂಗುತ್ತದೆ, ನನ್ನದು ಇಲ್ಲಿಯವರೆಗೆ ಎರಡು ಸುರುಳಿ ನುಂಗಿದೆ.

ನಾನು ಇಷ್ಟನ್ನೂ ಆ ಮಗನಿಗೆ ಹೇಳಿದೆ. ಅವನು ಒಳ್ಳೆಯವನೇ, ತಲೆ ಆಡಿಸಿ ಕೇಳಿಸಿಕೊಂಡ. ಅಂಗಡಿ ಹುಡುಗ ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟ: "ಸರ್, ಮುಂದೆ ದೊಡ್ಡ ಟ್ರ್ಯಾಕ್ಟರ್ ತಗೊಂಡಾಗ ಇದೇ ಆಗುತ್ತೆ, ಈಗ್ಲೇ ಸಬ್ಸಿಡೀಲಿ ಹಾಕ್ಕೊಂಡ್ಬಿಡಿ." ಮಗನ ಕಣ್ಣು ಹೊಳೆಯಿತು. ಫೋನ್ ತೆಗೆದ, ಅಡ್ವಾನ್ಸ್ ಕಳಿಸಿದ. ಕೌಂಟರಿನ ಸ್ಪೀಕರ್ ದುಡ್ಡು ಬಂತು ಅಂತ ಕೂಗಿತು.

ನನ್ನ ಬೋಲ್ಟ್ ತೆಗೆದುಕೊಂಡು ಹೊರಗೆ ಬಂದೆ. ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಯಜಮಾನರು ಕೂತು ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದರು. ನನಗೂ ಒಂದು ಟೀ ಹೇಳಿದರು.

"ಗೇಟಲ್ಲಿ ಹೋಗಲ್ವಲ್ಲ ಯಜಮಾನ್ರೇ, ಏನ್ ಮಾಡ್ತೀರಿ ಈಗ?" ಅಂದೆ.

"ಒಂದ್ ಕಂಬ ಒಡೆಸ್ತಾನೆ ಬಿಡವ್ವ," ಅಂದರು. "ಹೋದ ಯುಗಾದೀಲಿ ಕಟ್ಸಿದ್ದು. ಅದೂ ಅವನೇ."