ಮಗು ಮಲಗಿಸೋ ವಿಷಯದಲ್ಲಿ ಅಮ್ಮನ ಕೈ ಬೇಕು, ಇಲ್ಲಿನವರ ಹಾಸಿಗೆ ಬೇಕು

ನಮ್ಮ ಮಗಳಿಗೆ ಈಗ ಐದು ತಿಂಗಳು. ನಾವಿರೋದು ಹೊರದೇಶದಲ್ಲಿ, ಬಾಣಂತನಕ್ಕೆ ಅಂತ ಅಮ್ಮ ಬಂದು ಎರಡು ತಿಂಗಳು ಜೊತೆಗಿದ್ರು, ಅದೇ ಟೈಮಲ್ಲಿ ಇಲ್ಲಿನ ನರ್ಸ್ ಒಬ್ರು ಆಗಾಗ ಮನೆಗೆ ಬಂದು ಮಗು ನೋಡ್ಕೊಂಡು ಹೋಗೋರು. ಮಲಗಿಸೋ ವಿಷಯ ಬಂದ್ರೆ ಇಬ್ಬರದೂ ಬೇರೆ ಬೇರೆ ದಾರಿ. ಅಮ್ಮನ ಪ್ರಕಾರ ಮಗು ತಾಯಿ ಮಗ್ಗುಲಲ್ಲೇ ಇರ್ಬೇಕು, ಅತ್ತ ತಕ್ಷಣ ಎತ್ಕೋಬೇಕು, ತಟ್ಟಿ ಜೋಗುಳ ಹೇಳಿ ಪೂರ್ತಿ ನಿದ್ದೆ ಹತ್ತಿದ ಮೇಲೇನೇ ಕೆಳಗೆ ಬಿಡ್ಬೇಕು. ನರ್ಸ್ ಹೇಳೋದು, ಮಗುಗೆ ಅದರದ್ದೇ ಹಾಸಿಗೆ ಇರಲಿ, ಕಣ್ಣು ಎಳೀತಿರುವಾಗ್ಲೇ ಅಂಗಾತ ಮಲಗಿಸಿಬಿಡಿ, ತಾನಾಗೇ ನಿದ್ದೆಗೆ ಜಾರೋದು ನಿಧಾನಕ್ಕೆ ಬರುತ್ತೆ ಅಂತ.

ನಾನು ಮೊದಲು ಪೂರ್ತಿ ನರ್ಸ್ ಕಡೆ ಇದ್ದೆ. ಮೊದಲ ವಾರದಿಂದ್ಲೇ ಮೊಬೈಲಲ್ಲಿ ಟೈಮ್ ಬರ್ಕೊಳ್ಳೋದು, ಇಷ್ಟು ಗಂಟೆಗೆ ಮಲಗ್ಬೇಕು ಇಷ್ಟಕ್ಕೆ ಏಳ್ಬೇಕು ಅಂತ ಪಟ್ಟಿ ಮಾಡೋದು. "ಅವಳಿಗೇನೋ ಗೊತ್ತು ನಿನ್ನ ಗಡಿಯಾರ?" ಅಂದ್ರು ಅಮ್ಮ ಒಂದಿನ. ಆಮೇಲೆ ಓದ್ತಾ ಹೋದ್ರೆ ಅಮ್ಮ ಹೇಳಿದ್ದು ಅಕ್ಷರಶಃ ನಿಜ, ಹುಟ್ಟಿದ ಮಗುಗೆ ಹಗಲು ರಾತ್ರಿ ಗುರುತಿಸೋ ದೇಹದ ಗಡಿಯಾರನೇ ಇನ್ನೂ ಕೂಡಿ ಬಂದಿರಲ್ಲ, ಕತ್ತಲಾದಾಗ ನಿದ್ದೆ ತರಿಸೋ ಮೆಲಟೋನಿನ್ ಅನ್ನೋ ಹಾರ್ಮೋನು ಮಗು ದೇಹದಲ್ಲಿ ಒಂದು ಲಯಕ್ಕೆ ಬರೋದೇ ಎರಡು ಮೂರು ತಿಂಗಳ ಹೊತ್ತಿಗೆ. ದಿನಕ್ಕೆ 14ರಿಂದ 17 ಗಂಟೆ ಮಲಗ್ತಾವೆ ನಿಜ, ಆದ್ರೆ ಎಲ್ಲಾ ತುಂಡು ತುಂಡು, ಎರಡು ಮೂರು ಗಂಟೆಗೊಮ್ಮೆ ಹೊಟ್ಟೆ ಹಸಿದು ಏಳ್ತಾವೆ. ಆ ವಯಸ್ಸಲ್ಲಿ ರಾತ್ರಿ ಏಳೋದು ಕೆಟ್ಟ ಅಭ್ಯಾಸ ಅಲ್ವೇ ಅಲ್ಲ, ಅದಕ್ಕೆ ಹಾಲು ಬೇಕು ಅಷ್ಟೇ. ಹುಟ್ಟಿದಾಗಿನ ತೂಕ ಮತ್ತೆ ಬರೋ ತನಕ ಮಲಗಿರೋ ಮಗುನ ಎಬ್ಬಿಸಿ ಹಾಲು ಕೊಡಿ ಅಂತ ಡಾಕ್ಟ್ರೇ ಹೇಳ್ತಾರೆ.

ಎತ್ಕೊಂಡ್ರೆ ಕೈ ರೂಢಿ ಆಗುತ್ತೆ ಅನ್ನೋ ಮಾತು ನಮ್ಮಲ್ಲೂ ಇದೆ ಇಲ್ಲೂ ಇದೆ. ಮೊದಲ ಮೂರು ತಿಂಗಳಿಗೆ ಈ ಭಯ ಬೇಡವೇ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆರನೇ ವಾರದ ಆಸುಪಾಸು ಮಕ್ಕಳ ಅಳು ತಾನಾಗೇ ಜಾಸ್ತಿ ಆಗುತ್ತೆ, ಆವಾಗ ಎತ್ಕೊಳ್ದೇ ಬಿಟ್ರೆ ಅದು ಕಲಿಯೋದು ಏನೂ ಇಲ್ಲ, ಸುಸ್ತಾಗಿ ಇನ್ನೂ ಜೋರಾಗಿ ಅಳುತ್ತೆ. ಇಲ್ಲಿ ಕೆಲವರು ಒಂದೂವರೆ ತಿಂಗಳ ಕೂಸನ್ನ ಅಳೋಕೆ ಬಿಟ್ಟು ನಿದ್ದೆ ಕಲಿಸ್ತೀವಿ ಅಂತಾರೆ, ನಂಗೆ ಕೇಳೋಕೇ ಸಂಕಟ ಆಗುತ್ತೆ. ನಿದ್ದೆ ಕಲಿಸೋ ಮಾತೆಲ್ಲಾ ನಾಲ್ಕು ತಿಂಗಳಾದ ಮೇಲೆ, ಅದೂ ಬೇಕು ಅನ್ನಿಸಿದ್ರೆ ಮಾತ್ರ.

ಆದ್ರೆ ಒಂದು ವಿಷಯದಲ್ಲಿ ನರ್ಸ್ ನಮ್ಮ ಕಣ್ಣು ತೆರೆಸಿದ್ರು. ಇಷ್ಟು ಚಿಕ್ಕ ಮಕ್ಕಳ ನಿದ್ದೆಯಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಹಗುರ ನಿದ್ದೆ, ಆಗ ಮುಲುಗುತ್ತೆ, ಮುಖ ಹಿಂಡುತ್ತೆ, ಕೈಕಾಲು ಆಡಿಸುತ್ತೆ, ಒಂದೊಂದು ಸಲ ಕಣ್ಣೂ ಅರ್ಧ ತೆರೆಯುತ್ತೆ, ಆದ್ರೂ ಮಗು ಎದ್ದಿರಲ್ಲ. ನಾವು ಪ್ರತಿ ಸಲ ಓಡಿ ಹೋಗಿ ಎತ್ಕೊಂಡು ನಾವೇ ಎಬ್ಬಿಸ್ತಿದ್ವಿ! ಅದು ಗೊತ್ತಾದ ಮೇಲೆ ಸದ್ದು ಕೇಳಿದ್ರೆ ಒಂದೆರಡು ನಿಮಿಷ ಪಕ್ಕದಲ್ಲೇ ನಿಂತು ನೋಡೋಕೆ ಶುರು ಮಾಡಿದ್ವಿ, ನಿಜವಾದ ಅಳು ಬಂದ್ರೆ ಎತ್ಕೊಳ್ಳೋದು, ಇಲ್ಲಾಂದ್ರೆ ಅದೇ ಮತ್ತೆ ನಿದ್ದೆಗೆ ಹೋಗುತ್ತೆ. ಅಮ್ಮಂಗೆ ಮೊದಮೊದಲು ಕಷ್ಟ ಆಯ್ತು, ಕೈ ಮುಂದೆ ಹೋಗ್ಬಿಡೋದು. ಎರಡು ದಿನ ನೋಡಿದ ಮೇಲೆ ಅವರೇ ನಂಗೆ "ಶ್, ತಾಳೋ" ಅನ್ನೋಕೆ ಶುರು ಮಾಡಿದ್ರು.

ಹಾಸಿಗೆ ವಿಷಯದಲ್ಲಂತೂ ನಾನು ರಾಜಿ ಆಗ್ಲಿಲ್ಲ, ಇದೊಂದೇ ವಿಷಯಕ್ಕೆ ಅಮ್ಮನ ಹತ್ರ ಜಗಳನೂ ಆಯ್ತು. ಬೋರಲು ಮಲಗಿಸಿದ್ರೆ ಚೆನ್ನಾಗಿ ನಿದ್ದೆ ಮಾಡುತ್ತೆ ಅಂತಾರೆ, ತಲೆ ಚಪ್ಪಟೆ ಆಗುತ್ತೆ ದಿಂಬು ಇಡು ಅಂತಾರೆ. ಅಂಗಾತ ಮಲಗಿಸಿ ಅನ್ನೋ ಪ್ರಚಾರ ಬ್ರಿಟನ್ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಶುರುವಾಯ್ತು, ಅದಾದ ಮೇಲೆ ಎರಡೂ ಕಡೆ ಮಲಗಿದಲ್ಲೇ ಕಾರಣ ಗೊತ್ತಾಗದೆ ತೀರಿಹೋಗೋ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಇದನ್ನ ಹೇಳಿದಾಗ ಅಮ್ಮ ಸುಮ್ಮನಾದ್ರು. ಹಾಸಿಗೆ ಗಟ್ಟಿ ಇರ್ಬೇಕು, ಸಮತಟ್ಟಾಗಿರ್ಬೇಕು, ದಿಂಬು ಗೊಂಬೆ ದಪ್ಪ ಹೊದಿಕೆ ಯಾವುದೂ ಬೇಡ. ತಲೆ ಚಪ್ಪಟೆ ಆಗ್ಬಾರ್ದು ಅಂದ್ರೆ ಎಚ್ಚರ ಇರುವಾಗ ನಮ್ಮ ಕಣ್ಣೆದುರಿಗೇ ಬೋರಲು ಹಾಕಿ ಆಡಿಸಿದ್ರಾಯ್ತು. ಬಟ್ಟೆ ಸುತ್ತೋದಾದ್ರೆ ಕಾಲು ಮಡಚೋಕೆ ಜಾಗ ಬಿಡ್ಬೇಕು, ಮಗುಚಿಕೊಳ್ಳೋಕೆ ನೋಡ್ತಿದೆ ಅನ್ನಿಸಿದ ದಿನವೇ ಸುತ್ತೋದು ನಿಲ್ಲಿಸ್ಬೇಕು. ಕೊನೆಗೆ ಮಗು ಹಾಸಿಗೆನ ನಮ್ಮ ಮಂಚಕ್ಕೆ ತಾಗಿಸಿ ಇಟ್ವಿ, ಹಾಸಿಗೆ ಬೇರೆ, ರೂಮು ಒಂದೇ, ಕೈ ಚಾಚಿದ್ರೆ ಮಗು ಸಿಗುತ್ತೆ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2022ರಲ್ಲಿ ಹೇಳಿರೋದೂ ಇದನ್ನೇ, ಕನಿಷ್ಠ ಆರು ತಿಂಗಳು ಒಂದೇ ರೂಮಲ್ಲಿರಲಿ ಅಂತ. ಅಮ್ಮನ ಅರ್ಧ ಆಸೆ ಹಾಗೆ ಈಡೇರ್ತು.

ಹಗಲು ರಾತ್ರಿ ಕಲಿಸೋದು ಮಾತ್ರ ಮೊದಲ ದಿನದಿಂದ್ಲೇ ಮಾಡ್ಬಹುದು. ಬೆಳಿಗ್ಗೆ ಕರ್ಟನ್ ತೆಗೆದು, ಮಾತಾಡಿಸ್ತಾ, ಮನೆ ಸದ್ದು ಎಂದಿನ ಹಾಗೇ ಇರೋಕೆ ಬಿಡಿ. ರಾತ್ರಿ ಸಣ್ಣ ಲೈಟು, ಹಾಲು ಕೊಡುವಾಗ ಮಾತು ಬೇಡ, ಕಣ್ಣಲ್ಲಿ ಕಣ್ಣಿಟ್ಟು ಆಡ್ಸೋದೂ ಬೇಡ. ಇನ್ನೊಂದು, ಎದ್ದು ಮುಕ್ಕಾಲು ಗಂಟೆ ಒಂದು ಗಂಟೆ ಆಗೋ ಹೊತ್ತಿಗೆ ಮಗು ಮುಖ ತಿರುಗಿಸುತ್ತೆ, ಆಕಳಿಸುತ್ತೆ, ಆವಾಗ್ಲೇ ಮಲಗಿಸ್ಬೇಕು, ಅದು ದಾಟಿದ್ರೆ ರಂಪ. ದಿನಕ್ಕೊಂದು ಸಲ ಮಾತ್ರ ಎಚ್ಚರ ಇರೋ ಹಾಗೇ ಕೆಳಗೆ ಬಿಟ್ಟು ನೋಡ್ತಿದ್ವಿ, ಆದ್ರೆ ಆಯ್ತು, ಇಲ್ಲಾಂದ್ರೆ ಎತ್ಕೊಂಡು ಜೋಗುಳ.

ಅಮ್ಮ ಹೊರಡೋ ಮುಂಚೆ ಒಂದಿನ ನಡುರಾತ್ರಿ ಮಗುನ ಎದೆ ಮೇಲಿಟ್ಕೊಂಡು ಸೋಫಾದಲ್ಲಿ ತೂಕಡಿಸ್ತಿದ್ದೆ, ಅವರು ಬಂದು ಮೆತ್ತಗೆ ಮಗುನ ಎತ್ಕೊಂಡು "ನಿಂಗೆ ನಿದ್ದೆ ಬಂದ್ರೆ ನನ್ನ ಕೂಗು" ಅಂದ್ರು. ಸೋಫಾದಲ್ಲಿ ಮಗು ಜೊತೆ ನಿದ್ದೆ ಹೋಗೋದು ಎಲ್ಲಕ್ಕಿಂತ ಅಪಾಯ ಅಂತ ಓದಿದ್ದೆ, ಆದ್ರೂ ಸುಸ್ತಲ್ಲಿ ಹಾಗಾಗಿತ್ತು. ಈಗ ಕೂಗೋಕೆ ಅಮ್ಮ ಇಲ್ಲ, ಅದಕ್ಕೆ ಪಾಳಿ ಮಾಡ್ಕೊಂಡಿದೀವಿ, ರಾತ್ರಿ ಎರಡರ ತನಕ ಹೆಂಡತಿ, ಆಮೇಲಿಂದ ನಾನು.